ಸುಣ್ಣದ ಲೆಕ್ಕ

ಆಗಸ್ಟಿನಲ್ಲಿ ಅಲ್ಮೇರಿಯಾದ ಬಯಲಿಗೆ ಹಸಿರಿಲ್ಲ.
ಕಡಲಂಚಿನಿಂದ ಬೆಟ್ಟದ ಬುಡದವರೆಗೆ ಪ್ಲಾಸ್ಟಿಕ್ಕು,
ಒಂದರ ಸೆರಗಿಗೆ ಇನ್ನೊಂದನ್ನು ಹೊಲಿದ ಹಾಗೆ.
ಹಸಿರೇನಿದ್ದರೂ ಅದರೊಳಗೆ,
ಬೆವರುತ್ತ.

ಬಕಾರಿ ಸಿಸ್ಸೋಖೋ ಮಾಡಿನ ಮೇಲೆ,
ತಂತಿಯ ಮೇಲೆ ಕಾಲಿಟ್ಟು, ಕಣ್ಣೆರಡು ಬಿಟ್ಟು
ಮುಖಕ್ಕೆಲ್ಲ ಬಟ್ಟೆ ಸುತ್ತಿ, ಸುಣ್ಣದ ನೀರು ಎರಚುತ್ತಾನೆ.
ನೂರು ಲೀಟರಿಗೆ ಇಪ್ಪತ್ತೈದು ಕಿಲೋ ಅಂದಿದ್ದೆ ನಾನು.
ಮೂವತ್ತೈದು ಹಾಕು, ಅಂದ ಒಡೆಯ ಇಂದಲೇಸಿಯೋ.
ಹೋದ ವರ್ಷ ಸುಟ್ಟುಕೊಂಡ ಕೈ ಅವನದು.

ನನ್ನ ಕೆಲಸ ಎಲೆಯ ನಾಡಿ ಹಿಡಿಯುವುದು.
ದೊಣ್ಣೆಮೆಣಸಿನ ಐದನೇ ಎಲೆಗೆ ಕ್ಲಿಪ್ಪು ಸಿಕ್ಕಿಸಿ
ಪಕ್ಕಕ್ಕೆ ಮುಖ ತಿರುಗಿಸಿ ಉಸಿರು ಕಟ್ಟಿ ನಿಲ್ಲುತ್ತೇನೆ,
ನನ್ನ ಎದೆಯ ಇಂಗಾಲ ಅದರ ಲೆಕ್ಕ ಕೆಡಿಸದಿರಲೆಂದು.
ಬೆಳಿಗ್ಗೆ ಒಂಬತ್ತಕ್ಕೆ ಹದಿನೆಂಟು.
ಮಧ್ಯಾಹ್ನ ಎರಡಕ್ಕೆ ಐದು.
ಬೆಳಕು ಸಾಲದೆ ಅಲ್ಲ, ಬೆಳಕು ಮಿಕ್ಕಿ.
ಇದ್ದ ನೀರೂ ಹೋದೀತೆಂದು ಎಲೆ
ತನ್ನ ಸಾವಿರ ಬಾಯಿಗಳನ್ನು ಮುಚ್ಚಿಕೊಂಡಿದೆ,
ಎದುರಿಗೆ ಬಡಿಸಿಟ್ಟ ಬಿಸಿಲು ಆರದೆ ಕೂತಿದೆ.

ಒಂದು ಕಣ್ಣಿಗೆ ಬೆಣ್ಣೆ, ಒಂದಕ್ಕೆ ಸುಣ್ಣ ಅನ್ನುತ್ತಾರಲ್ಲ,
ಇಲ್ಲಿ ಬೆಣ್ಣೆ ಯಾರಿಗೂ ಇಲ್ಲ.
ಪಡುವಣ ಸಾಲುಗಳಿಗೆ ದಪ್ಪ ಸುಣ್ಣ, ಮೂಡಣಕ್ಕೆ ತೆಳು:
ನಡುವೆ ಪಂಪು ಕೆಟ್ಟಿತ್ತು, ಅಷ್ಟೇ.
ಮೂಡಣದ ಕಾಯಿಗೆ ಬಿಸಿಲು ತಾಗಿ
ಕೆನ್ನೆಯಲ್ಲಿ ಕಾಗದದಂಥ ಬಿಳಿ ಮಚ್ಚೆ.
ಪಡುವಣದ ಗಿಡಗಳು ಕತ್ತು ಚಾಚಿ ಚಾಚಿ
ಗೆಣ್ಣಿಂದ ಗೆಣ್ಣಿಗೆ ಗೇಣು;
ಹೂ ಬಿಟ್ಟವು, ಬಿಟ್ಟ ಹೂವನ್ನು ಕೈಬಿಟ್ಟವು.

ಸೆಪ್ಟೆಂಬರು. ತೊಳೆಸು ಅಂದೆ.
ಮಳೆ ಪುಕ್ಕಟೆ ತೊಳೆಯುತ್ತದೆ, ಕಾಯೋಣ, ಅಂದ.
ಕಾದೆವು.
ಬಂದದ್ದು ತೆಂಕಣದಿಂದ, ಕೆಂಪಗೆ,
ಸಹಾರಾದ ಧೂಳನ್ನು ಹೊತ್ತು ನಾಲ್ಕೇ ಹನಿ:
ಸುಣ್ಣದ ಮೇಲೆ ಕೆಮ್ಮಣ್ಣು ಸಾರಿಸಿದ ಹಾಗೆ.
ಒಳಗೆ ಹಗಲಿಗೇ ಸಂಜೆ.

ಬಕಾರಿ ಬೆರಳಲ್ಲಿ ತೀಡಿ ನೋಡಿದ.
ನಿಮ್ಮೂರಿನದೇನೋ, ಅಂತ ಕೇಳಿಬಿಟ್ಟೆ, ಪೆದ್ದಿ.
ಅವನು ಮಾಲಿಯವನು, ಕಾಯ್ ಪಟ್ಟಣದ ಆಚೆ ಜೋಳ ಬೆಳೆಯುವವರು.
ಮೂಸಿದ. ತಲೆಯಾಡಿಸಿದ.
"ಅಲ್ಲ. ನಮ್ಮ ಮಣ್ಣು ಇಷ್ಟು ಹಗುರಿಲ್ಲ."
ಪ್ಯಾಂಟಿಗೆ ಬೆರಳು ಒರೆಸಿಕೊಂಡು ಬ್ರಷ್ಷು ಕೇಳಿದ.

ಅವನು ಮೇಲೆ ಉಜ್ಜುತ್ತ ಹೋದಂತೆ
ಕೆಳಗೆ ಸಾಲಿನಿಂದ ಸಾಲಿಗೆ ಬೆಳಕು ನಡೆದು ಬಂತು,
ನನ್ನ ಪಟ್ಟಿಯ ಮೇಲೆ ಕೆಂಪು, ಬಿಳಿ ಹನಿ.
ಏಳು. ಒಂಬತ್ತು. ಹನ್ನೊಂದು.
ಆಮೇಲೆ ಇಳಿಯಿತು: ಹತ್ತು, ಎಂಟು.

ನೆರಳಲ್ಲಿ ಹುಟ್ಟಿದ ಎಲೆ, ತೆಳ್ಳಗೆ, ಅಗಲಕ್ಕೆ,
ಸಿಕ್ಕಷ್ಟನ್ನೇ ಬಾಚಿಕೊಳ್ಳಲು ಕಲಿತದ್ದು.
ಒಮ್ಮೆಗೇ ಸುರಿದರೆ ಎಲ್ಲಿ ಇಟ್ಟುಕೊಳ್ಳುತ್ತದೆ?
ಅರ್ಧ ಇಂದು ತೊಳೆಯಲಿ, ಉಳಿದರ್ಧ ವಾರ ಬಿಟ್ಟು, ಅಂದೆ.
ಫೋನಿನಲ್ಲಿ ಇಂದಲೇಸಿಯೋ:
"ಒಂದು ಮಾಡಿಗೆ ಎರಡು ಕೂಲಿ!
ನಿನ್ನ ಎಲೆಗಳು ಕೊಡುತ್ತವೇನು, ಅಂಗುಸ್ತಿಯಾಸ್?"
ಕೊಡುವುದು ಅವೇ, ಅನ್ನಬಹುದಿತ್ತು.
ಹೊಳೆದದ್ದು ಫೋನಿಟ್ಟ ಮೇಲೆ.

"ಇನ್ನೂ ಉಜ್ಜಲಾ?" ಮೇಲಿಂದ ಬಕಾರಿ.
ತಡಿ, ಇನ್ನೊಂದು ಸಲ ನೋಡುತ್ತೇನೆ.
ಕ್ಲಿಪ್ಪು ಹಾಕಿದೆ, ಉಸಿರು ಕಟ್ಟಿದೆ.
ಮೂರು. ಮೂರೇ?
ಮೋಡವಿಲ್ಲ. ಧೂಳು ಹೋಗಿದೆ.
ತಲೆಯೆತ್ತಿದರೆ, ಒದ್ದೆ ಪ್ಲಾಸ್ಟಿಕ್ಕಿನ ಆಚೆ ಎರಡು ಅಂಗಾಲು,
ಅವುಗಳಿಂದ ಹೊರಟ ಉದ್ದನೆಯ ನೆರಳು
ಸರಿಯಾಗಿ ನನ್ನ ಎಲೆಯ ಮೇಲೆ.

ಒಂದು ಹೆಜ್ಜೆ ಸರಿ, ಅಂದೆ. ಸರಿದ.

ಪಟ್ಟಿಯಲ್ಲಿ ಕಾರಣದ ಕಾಲಮ್ಮು:
ಮೋಡ, ಧೂಳು, ಸುಣ್ಣ, ಯಂತ್ರದೋಷ.
ಯಾವುದಕ್ಕೂ ಗುರುತು ಹಾಕಲಾಗದೆ
ಅಂಚಿನಲ್ಲಿ ಬರೆದೆ: ಮೂರೂ ಹತ್ತು, ಬಕಾರಿ.