ಹನ್ನೊಂದನೆಯದು

ಆಷಾಢ ಹುಟ್ಟುವ ಮೊದಲು ಹದಿನಾಲ್ಕು ಟ್ರಾನ್ಸ್‌ಫಾರ್ಮರು
ಗುಡ್ಡ ಹತ್ತಬೇಕು ಅಂದಿದ್ದರು ಮಿನೇಜಸ್ ಸಾಹೇಬರು.
ನಾಲ್ಕು ವರ್ಷದ ಹಿಂದೆ ನಮ್ಮ ಶೆಡ್ಡಿಗೆ
ಬೋರ್‌ವೆಲ್ ಮೋಟಾರು ಬಿಟ್ಟರೆ ಬೇರೆ ಗಿರಾಕಿ ಇರಲಿಲ್ಲ.
ಈಗ ಹಾಸನದ ಕೈಗಾರಿಕಾ ಬಡಾವಣೆಯಲ್ಲಿ ಯಾರನ್ನೇ ಕೇಳಿ,
ಗಾಳಿ ಬಂದಾಗ ತೂರಿಕೋ ಅನ್ನುತ್ತಾರೆ.
ತೂರಿದ್ದೇ ತೂರಿದ್ದು. ಎರಡನೇ ಪಾಳಿ, ಹೊಸ ಕ್ರೇನು,
ಗೇಟಿನಾಚೆ ಒಂದಿದ್ದ ಟೀ ಗಾಡಿ ಮೂರಾಯಿತು.

ನನ್ನ ಕೆಲಸ ಸುತ್ತುವುದು.
ಕಾಗದ ಹೊದ್ದ ತಾಮ್ರದ ತಂತಿ,
ಎಡಗೈ ಬಿಗಿಯುತ್ತದೆ, ಬಲಗೈ ಸವರುತ್ತದೆ,
ಸುತ್ತಿನ ಪಕ್ಕ ಸುತ್ತು, ಕೂದಲೆಳೆ ಜಾಗ ಬಿಡದೆ.
ಹೆರಳು ಹಾಕಿದ ಹಾಗೆ ಅಂತ ಹೊಸ ಹುಡುಗಿಯರಿಗೆ ಹೇಳುತ್ತೇನೆ,
ಬಿಗಿ ಹೆಚ್ಚಾದರೆ ತಲೆನೋವು, ಸಡಿಲವಾದರೆ ಮಾನ ಹೋಯಿತು.

ಹನ್ನೊಂದನೆಯದನ್ನು ಸುತ್ತುವಾಗ ಕರೆಂಟು ಹೋಯಿತು.
ನಗಬೇಡಿ.
ಎಣಿಕೆಯ ಮೀಟರು ಕಣ್ಣು ಮುಚ್ಚಿತು,
ತೆರೆದಾಗ ಸೊನ್ನೆ, ನಾಲ್ಕು ಸೊನ್ನೆ.
ಏಳುನೂರ ಹದಿನೆಂಟೋ, ಹತ್ತೊಂಬತ್ತೋ?
ಹದಿನೆಂಟು ಅಂದುಕೊಂಡೆ. ಬರೆದೆ. ಮುಂದೆ ಸುತ್ತಿದೆ.
ಪರೀಕ್ಷೆಯಲ್ಲಿ ಮುಳ್ಳು ತಕರಾರು ಮಾಡಲಿಲ್ಲ, ಸೀಲು ಬಿತ್ತು,
ಮುನೀರನ ಲಾರಿ ಅರಸೀಕೆರೆ ದಾರಿ ಹಿಡಿಯಿತು.

ಶ್ರಾವಣದಲ್ಲಿ ಒಂದು ವಾಪಸು ಬಂತು, ಸುಟ್ಟು.
ಮುಚ್ಚಳ ಎತ್ತಿದರೆ ಸೀದ ಎಣ್ಣೆಯ ನಾತ.
ತಗಡು ಒರೆಸಿ ನಂಬರು ಓದಿದರು. ಹನ್ನೊಂದು.
ಯಾರೂ ಏನೂ ಅನ್ನಲಿಲ್ಲ,
ಎಲ್ಲರೂ ನನ್ನ ಬೆರಳು ನೋಡಿದರು.

ಆಮೇಲೆ ಸಿಕ್ಕಿತು, ಟರ್ಮಿನಲ್ ಪೆಟ್ಟಿಗೆಯ ಒಳಗೆ
ಎರಡು ತಾಮ್ರದ ಪಟ್ಟಿಗಳ ನಡುವೆ
ಕೈಕಾಲು ಚಾಚಿ ಕರಿಕಾದ ಹಲ್ಲಿ.
ಸೈಟಿನವರು ಬಾಗಿಲಿನ ರಬ್ಬರು ಸರಿಯಾಗಿ ಕೂರಿಸಿರಲಿಲ್ಲವಂತೆ.
"ಬಚಾವಾದೆ ಕಣೆ ಸಾವಂತ್ರಿ" ಅಂದರು. ಟೀ ತರಿಸಿದರು.

ಮಾತಿನ ನಡುವೆ ಹಲ್ಲಿ ಲೊಚಗುಟ್ಟಿದರೆ
ಅದು ನಿಜ ಅಂತ ನೆಲ ತಟ್ಟುತ್ತಿದ್ದಳು ನಮ್ಮಜ್ಜಿ.
ಈ ಹಲ್ಲಿಯನ್ನು ಚಿಮಟದಲ್ಲಿ ಹಿಡಿದು ನೋಡಿದೆ.
ಬಾಯಿ ತೆರೆದೇ ಇತ್ತು.

ಊಟದ ಬಿಡುವಿನಲ್ಲಿ ಸುಟ್ಟ ಸುರುಳಿ ಬಿಚ್ಚಲು ಕೂತೆ,
ಹಿಂದಿನಿಂದ ಎಣಿಸುತ್ತ.
ಮುನ್ನೂರರ ಹತ್ತಿರ ತಂತಿಗೆ ತಂತಿ ಬೆಸೆದು ಒಂದೇ ಮುದ್ದೆ.
ಅಲ್ಲಿಂದಾಚೆಗೆ ಯಾರ ಲೆಕ್ಕವೂ ಇಲ್ಲ.
ಮುದ್ದೆ ಗುಜರಿಗೆ ಹೋಯಿತು, ಕಿಲೋ ಲೆಕ್ಕದಲ್ಲಿ.
ಈಗ ಬಾಯಿಬಿಟ್ಟು ಎಣಿಸುತ್ತೇನೆ, ಹುಡುಗಿಯರು ನಗುತ್ತಾರೆ.

ಬದಲಿ ಕೊಡಲು ಹೋದಾಗ ನಾನೂ ಲಾರಿ ಹತ್ತಿದೆ.
ತೆಂಗಿನ ತೋಟಗಳು ಕೆಳಗುಳಿದು, ಬರೀ ಬಾದೆ ಹುಲ್ಲು, ಬಂಡೆ,
ಗುಡ್ಡದ ನೆತ್ತಿಯಲ್ಲಿ ಅದು.
ಇಷ್ಟು ದಿನ ಚಲನ್ನಿನಲ್ಲಿ ಮಾತ್ರ ಓದಿದ್ದು.
ಗಾಳಿ ನನ್ನ ಸೆರಗನ್ನೂ ಮುನೀರನ ರಸೀದಿಯನ್ನೂ ಕಿತ್ತಾಡುತ್ತಿತ್ತು.
ನಿಮಿಷಕ್ಕೆ ಹನ್ನೆರಡು ಸುತ್ತು ಅಂದ ಸೈಟಿನ ಹುಡುಗ.

ಎಣಿಸಿದೆ. ಹದಿಮೂರು.
ಮತ್ತೆ ಎಣಿಸಿದೆ.