ಮೇ ತಿಂಗಳ ಕಾವಲು

ಶೆನಾಂಡೋವಾ ಹೊಳೆಯ ತೆಂಕಣ ಕವಲಿನಲ್ಲಿ
ಮೇ ತಿಂಗಳು ನೀರು ಮೊಣಕಾಲ ಮಟ್ಟ.
ಆರ್ವಿಲ್ ಸೆನ್ಸಬಾ ಇಳಿದು ನಿಂತಿದ್ದಾನೆ,
ಎಪ್ಪತ್ತೊಂದರ ಕಾಲು, ರಬ್ಬರಿನ ಬೂಟು,
ಕೈಯಲ್ಲಿ ಗಾಳವಿಲ್ಲ. ಇವತ್ತು ನೋಡುವುದಷ್ಟೇ.

ಅಲ್ಲಿ, ಸೈಕಮೋರ್ ಬೇರಿನ ಪಕ್ಕ,
ಊಟದ ತಟ್ಟೆಯಗಲ ಗುಡಿಸಿದ ಜಲ್ಲಿ:
ಬಾಸ್ ಮೀನು ಬಾಲದಲ್ಲೇ ಗುಡಿಸಿಕೊಂಡ ಗೂಡು.
ಹೆಣ್ಣು ಮೊನ್ನೆಯೇ ಮೊಟ್ಟೆಯಿಟ್ಟು ಹೋಯಿತು.
ಹೋಗುವುದೇ ಅವುಗಳ ರೀತಿ, ಬೈಯಬೇಡಿ.
ಉಳಿದದ್ದು ಗಂಡು.
ತಿನ್ನುವುದನ್ನೂ ಮರೆತು, ಹಗಲೂ ಇರುಳೂ
ಮೊಟ್ಟೆಗಳ ಮೇಲೆ ಹೊಸ ನೀರು ಬೀಸುತ್ತಾ
ಸಿಗಡಿ ಬಂದರೆ ಸಿಗಡಿಗೆ,
ಆರ್ವಿಲ್‌ನ ನೆರಳು ಬಂದರೆ ನೆರಳಿಗೆ
ಎದುರು ನಿಲ್ಲುತ್ತದೆ, ಅಂಗೈಯಷ್ಟು ಮೈ ಸೆಟೆಸಿ.

"ನನಗಿಂತ ಒಳ್ಳೆಯ ಅಪ್ಪ" ಎನ್ನುತ್ತಿದ್ದ ಆರ್ವಿಲ್
ಲೊರೀನ್ ಬದುಕಿದ್ದಾಗ, ಅವಳು ನಗಲಿ ಎಂದು.
ಅವಳು ನಗುತ್ತಿರಲಿಲ್ಲ. ಹೌದು ಎನ್ನುತ್ತಿದ್ದಳು.

ಹೋದ ವಸಂತ, ಮೀನಿನ ಇಲಾಖೆಯ ಮಾರ್ಲಾ ಕ್ರಿಕನ್‌ಬರ್ಗರ್
ಇಪ್ಪತ್ತು ಗಂಡು ಹಿಡಿದು ಒಯ್ದಳು, ಐಸಿನ ಪೆಟ್ಟಿಗೆಯಲ್ಲಿ.
ಮೇಣದಲ್ಲಿ ಹುದುಗಿಸಿ, ಕೂದಲಿಗಿಂತ ತೆಳ್ಳಗೆ ಸೀಳಿ,
ಬಣ್ಣ ಕುಡಿಸಿ, ಗಾಜಿನ ಮೇಲೆ ಮಲಗಿಸಿ
ಕರೆದಳು: "ಬನ್ನಿ, ಇದನ್ನು ನೋಡಿ."

ಒಂದು ಕಣ್ಣು ಮುಚ್ಚಿ ನೋಡಿದ.
ವೃಷಣದ ನೇರಳೆ ನುಣುಪಿನ ನಡುವೆ
ದುಂಡಗೆ, ಒಂದು, ಎರಡು, ಐದು,
ರವೆಯಲ್ಲಿ ಬಿದ್ದ ಕಡಲೆಕಾಳಿನ ಹಾಗೆ
ಮೊಟ್ಟೆ.
"ಇಪ್ಪತ್ತರಲ್ಲಿ ಎಷ್ಟು?"
"ಹದಿನೇಳು."

ಯಾರು ಮಾಡಿದ್ದು ಎಂದು ಕೇಳಿದ.
ಮಾರ್ಲಾ ಕಿಟಕಿಯ ಕಡೆ ನೋಡಿದಳು.
ಆಚೆಗೆ ಕೋಳಿ ಶೆಡ್ಡುಗಳು, ಕೆಟ್ಟು ನಿಂತ ರೈಲಿನ ಹಾಗೆ ಉದ್ದ.
ಅವುಗಳ ಗೊಬ್ಬರ ಮುಸುಕಿನ ಜೋಳದ ಹೊಲಕ್ಕೆ,
ಹೊಲದ ಮಳೆನೀರು ಹೊಳೆಗೆ, ಜೊತೆಗೆ ಕಳೆ ಕೊಲ್ಲುವ ಔಷಧಿ,
ಕೆಳಗೆ ಊರಿನ ಕೊಳಚೆ, ಶುದ್ಧ ಮಾಡಿಯೂ ಪೂರಾ ಆಗದ್ದು.
ಒಂದು ದೊಡ್ಡ ಈಜುಕೊಳಕ್ಕೆ ಉಪ್ಪಿನ ಕೆಲವೇ ಹರಳು,
ಅಷ್ಟು ಸಾಕಾಗಬಹುದಂತೆ,
ಮರಿಯ ಮೈ ತಾನು ಏನೆಂದು
ಇನ್ನೂ ಯೋಚಿಸುತ್ತಿರುವ ವಾರಗಳಲ್ಲಿ.
"ಒಬ್ಬರ ಹೆಸರು ಹೇಳಲಾರೆ" ಎಂದಳು.

ಆರ್ವಿಲ್‌ಗೆ ಒಂದು ಹೆಸರು ಗೊತ್ತಿತ್ತು.
ಮಣ್ಣು ಮಾಡಿ ಬಂದ ಮಾರನೆಯ ದಿನ
ಲೊರೀನಳ ಸ್ನಾನದಮನೆಯ ಕಪಾಟು;
ಮೈ ಬೆಂದು ಏಳುವ ರಾತ್ರಿಗಳಿಗೆಂದು
ಡಾಕ್ಟರು ಬರೆದುಕೊಟ್ಟ ಮಾತ್ರೆ, ಇನ್ನೂ ಮುಕ್ಕಾಲು ಶೀಶೆ.
ಕಣ್ಣಿಗೆ ಬೀಳದಿರಲಿ ಎಂದು ಕಕ್ಕಸಿಗೆ ಸುರಿದಿದ್ದ.
ಮೊದಲ ಸಲಕ್ಕೆ ಹೋಗಲಿಲ್ಲ.
ಎರಡು ಸಲ ನೀರು ಬಿಡಬೇಕಾಯಿತು.
ಇದನ್ನು ಮಾರ್ಲಾಗೆ ಹೇಳಲಿಲ್ಲ.
ಹೇಳಿದ್ದರೆ, "ಅದೊಂದರಿಂದ ಏನೂ ಆಗಲ್ಲ" ಎನ್ನುತ್ತಿದ್ದಳು.
ನಿಜವೇ. ಪ್ರತಿ ಮನೆಗೂ ಅದೇ ಮಾತು ನಿಜ.

ಗಾಳಕ್ಕೆ ಸಿಕ್ಕ ಮೀನನ್ನು ಅವನು, ಅವಳು ಎನ್ನುವುದು
ಆ ಕಣಿವೆಯವರ ರೂಢಿ. ಈಗೀಗ ಆರ್ವಿಲ್
ಬಾಯಿಂದ ಕೊಕ್ಕೆ ಬಿಡಿಸಿ ನೀರಿಗೆ ಬಿಡುವಾಗ
"ಹೋಗು" ಎಂದಷ್ಟೇ ಅನ್ನುತ್ತಾನೆ.
ನನ್ನ ಭಾಷೆಗೆ ಆ ತೊಡಕಿಲ್ಲ.
ಮೀನು ಎಂದರೆ ಅದು, ತೊಟ್ಟಿಲ ಕೂಸೂ ಅದು.
ಈ ಜಾಣತನದಿಂದ ಹೊಳೆಗೆ
ಕವಡೆ ಕಾಸಿನ ಪ್ರಯೋಜನವಿಲ್ಲ.
ಎರಡೂ ಆಗಿ ಬಾಳುವ ಮೀನುಗಳು ಕಡಲಲ್ಲಿವೆಯಂತೆ,
ಅವುಗಳ ಬಾಳು ಅವುಗಳದು, ಅದರಲ್ಲಿ ಕುಂದಿಲ್ಲ.
ಇದನ್ನು ಮಾತ್ರ ಯಾರೂ ಕೇಳಲಿಲ್ಲ.

ಈಗ, ಮೊಣಕಾಲ ನೀರಿನಲ್ಲಿ,
ಜಲ್ಲಿಯ ಮೇಲೆ ಅದು ಕಾಯುವ ಮೊಟ್ಟೆ,
ಕೆಲವು ಬೆಳ್ಳಗೆ ಬೂಷ್ಟು ಹಿಡಿದಿವೆ, ಕೆಲವು ಇಲ್ಲ.
ಒಳಗೆ, ಪ್ರಾಯಶಃ, ಅದಕ್ಕೇ ಗೊತ್ತಿಲ್ಲದ ಮೊಟ್ಟೆ,
ಯಾವ ಗೂಡಿಗೂ ಇಳಿಯದವು.
ಎರಡಕ್ಕೂ ಒಂದೇ ಬಾಲ ಬೀಸುತ್ತಿದೆ.

ಆರ್ವಿಲ್ ಎರಡು ಹೆಜ್ಜೆ ಹಿಂದೆ ಸರಿದ,
ನೆರಳು ಗೂಡಿನಾಚೆ ಬೀಳುವ ಹಾಗೆ.
ಮೇಲುಗಡೆ ಎಲ್ಲೋ, ಹೊಸ ಗೊಬ್ಬರ ಹರಡಿದ ಹೊಲಗಳ ಮೇಲೆ,
ಗುಡುಗು.
ಮೀನಿಗೂ ಕೇಳಿಸಿರಬೇಕು.
ಬೀಸುವುದನ್ನು ನಿಲ್ಲಿಸಲಿಲ್ಲ.