ಮೂರನೇ ಸಿಳ್ಳು

ಪಾಂಡವಪುರ. ನೀರಾವರಿ ಸೆಕ್ಷನ್ ಆಫೀಸು.
ಕಿಟಕಿಯಾಚೆ ಆಲೆಮನೆಯ ಹೊಗೆ.
ಮೇಜಿನ ಮೇಲೆ ಇಟ್ಟಿಗೆ ತೂಕದ ಕೈಯಂತ್ರ,
ಅದರ ಬಾಲ ಕಂಪ್ಯೂಟರಿನ ಬೆನ್ನಿಗೆ.
ಬೆಳಗ್ಗಿನಿಂದ ಎರಡಕ್ಕೂ ಮಾತಿಲ್ಲ.

ವೇಗ ಒಂಬತ್ತು ಸಾವಿರದ ಆರುನೂರು, ಸರಿ.
ಡೇಟಾ ಬಿಟ್ಟು ಎಂಟು, ಸರಿ.
ಪ್ಯಾರಿಟಿ...
ಇಲ್ಲಿ ‘ಸಮ’, ಅಲ್ಲಿ ‘ಇಲ್ಲ’.
ಒಂದೇ ಮನೆಯೊಳಗೆ ಎರಡು ಪಂಚಾಂಗ.

“ಯಾಕವ್ವಾ, ಮುನಿಸ್ಕಂಡವಾ?”
ಬಾಗಿಲಲ್ಲಿ ನೀರಗಂಟಿ ಕೆಂಪಸಿದ್ದಯ್ಯ,
ನಾಳೆಯಿಂದ ನಾಲೆಯ ಮಟ್ಟವನ್ನು
ಇದರೊಳಗೆ ಒತ್ತಬೇಕಾದವನು.

“ಹೇಗೆ ಮಾತಾಡೋದು ಅಂತ
ಎರಡೂ ಕಡೆ ಮೊದಲೇ ಒಪ್ಪಿರಬೇಕು ತಾತ.”
“ಅದ್ ಗೊತ್ತು ಬುಡು” ಎಂದ.
“ನಾ ತೂಬಿನ್ ತಾವ ಎಲ್ಡು ಸಿಳ್ಳು ಹಾಕುದ್ರೆ
ಕೆಳಗ್ಲಿಂದ ಜವರಪ್ಪ ಒಂದು.
ಆಮ್ಯಾಕೇ ಹಲಗೆ ಎತ್ತೋದು.
ಸದ್ದಿಲ್ದಿದ್ರೆ ನೂರು ಎಣಿಸಿ ಇನ್ನೊಂದ್ ಕಿತ.
ಮೂರ್ನೇ ಕಿತಕ್ಕೂ ಇಲ್ಲಾ ಅಂದ್ರೆ
ಸೈಕಲ್ ಹತ್ತೋದು.
ಒಂದಿನ ಹಂಗೇ ಎದ್ದೂ ಬಿದ್ದೂ ಹೋದೆ.
ಏರಿ ಮ್ಯಾಲೆ ಕುಂತವ್ನೆ,
ಬಾಯ್ತುಂಬ ಎಲೆಅಡಿಕೆ.
ಸಿಳ್ಳು ಎಲ್ಲಿಂದ ಬಂದಾತು?”

ನಗುತ್ತಲೇ ಪ್ಯಾರಿಟಿ ತಿದ್ದಿದೆ.
ಹಸಿರು ದೀಪ.
ಪರೀಕ್ಷೆಗೆಂದು ಒತ್ತಿದ ನಾಲ್ಕಡಿ ಎರಡಂಗುಲ
ಒಂದು ಹನಿಯೂ ಚೆಲ್ಲದೆ ಆ ಕಡೆ ದಾಟಿತು.

ಮುಂದಿನ ಪರದೆ ಕೇಳಿತು:
ಎಷ್ಟು ಹೊತ್ತು ಕಾಯಬೇಕು?
ಕೈಪಿಡಿಯಲ್ಲಿ ಮೂವತ್ತು ಎಂದಿತ್ತು;
ನೂರು ಒತ್ತಿದೆ.
ಮರುಯತ್ನ ಎಷ್ಟು?
ಮೂರು.

ಆಮೇಲೆ?
ಕೆಳಗೆ, ಇನ್ನೂ ಕೆಳಗೆ ಸರಿಸಿ ನೋಡಿದೆ.
ಸೈಕಲ್ಲಿಗೆ ಮೆನುವಿನಲ್ಲಿ ಜಾಗವಿರಲಿಲ್ಲ.